ಕಮಲಾಬಾಯಿ ದಾಟುವ ಹೊಳೆ

ಮುಧೋಳದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ಮೃಣ್ಮಯಿ ಮತ್ತು ಅವಳ ಗೆಳತಿ ಸರಿತಾ ಸೆಮಿಸ್ಟರ್ ರಜೆಯಲ್ಲಿ ಥಾಯ್ಲೆಂಡಿಗೆ ಹೊರಟಿದ್ದರು. ಕಾಡಿನಲ್ಲಿ ಮರ ಎಳೆದು ಎಳೆದು ಮುದಿಯಾದ ಆನೆಗಳನ್ನು ಅಲ್ಲಿನ ಒಂದು ಆನೆಧಾಮದವರು ಸಾಕುತ್ತಿದ್ದರು. ಅವುಗಳಿಗೆ ಮೇವು ಕತ್ತರಿಸಲು, ಲದ್ದಿ ಬಳಿಯಲು, ಹಣ್ಣು ತಿನ್ನಿಸಲು ವಿದ್ಯಾರ್ಥಿಗಳು ಬೇಕಾಗಿದ್ದರು. ಬೆಂಗಳೂರಿನ ಸಂಸ್ಥೆಯೊಂದು ಖರ್ಚು ವಹಿಸಿಕೊಂಡು ಕೆಲವರನ್ನು ಆರಿಸಿತ್ತು.

ಒಬ್ಬೊಬ್ಬರಿಗೆ ಒಂದೊಂದು ಆನೆ. ಮೃಣ್ಮಯಿಯ ಪಾಲಿಗೆ ಬಂದದ್ದು ಒಂದು ಕಣ್ಣು ಕಾಣದ ಮುದಿ ಹೆಣ್ಣಾನೆ. ಹೆಸರು ಬುವಾ. ಫೋನಿನಲ್ಲಿ ಅದರ ಚಿತ್ರ ನೋಡಿ ತಂದೆಯ ತಾಯಿ ಸುಲಭಾ ಅಜ್ಜಿಗೆ ನಗು ತಡೆಯಲಾಗಲಿಲ್ಲ.

"ಹೆಣ್ಣಾನಿಗೆ ಬುವಾ ಅಂತ ಹೆಸರಿಡ್ತಾರೇನ? ನಮ್ಮ ಕಡೆ ಬುವಾ ಅಂದ್ರ ಭಜನಿ ಹೇಳೋ ಗಂಡಸರು!"

"ಅವರ ಭಾಷಾದಾಗ ಬುವಾ ಅಂದ್ರ ಕಮಲ ಅಂತ, ಅಜ್ಜಿ."

"ಹಂಗಿದ್ರ ಕಮಲಾಬಾಯಿ ಅನ್ನು."

ಅಂದಿನಿಂದ ಆ ಮನೆಯಲ್ಲಿ ಆನೆ ಕಮಲಾಬಾಯಿಯೇ ಆಯಿತು. ಕಮಲಾಬಾಯಿ ಎಷ್ಟು ತಿಂತಾಳ, ಕಮಲಾಬಾಯಿಗೆ ಬೆಲ್ಲ ನಡೀತದೇನು ಎಂದು ಅಜ್ಜಿ ದಿನಾ ಕೇಳುವಳು. ಜಮಖಂಡಿಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದ ತಾಯಿ ಹರ್ಷದಾ ಪಾಸ್‌ಪೋರ್ಟಿಗೆ ತಾನೇ ಓಡಾಡಿದಳು. ಅರೆಮನಸ್ಸಿನಲ್ಲಿದ್ದವನು ತಂದೆ ನಂದಕಿಶೋರ ಒಬ್ಬನೇ.

ಅಷ್ಟರಲ್ಲಿ ಸಂಸ್ಥೆಯ ಪ್ರತಿಮಾ ಮೇಡಂ ಎಲ್ಲರನ್ನೂ ಫೋನಿನ ಮೀಟಿಂಗಿನಲ್ಲಿ ಕೂಡಿಸಿ ಹೊಸ ವಿಷಯ ಹೇಳಿದರು. ಆನೆಗಳು ದಿನಾ ಮಧ್ಯಾಹ್ನ ಹೊಳೆ ದಾಟಿ ಆಚೆ ದಂಡೆಗೆ ಮೇಯಲು ಹೋಗುತ್ತವೆ, ಹಿಂದೆಯೇ ನಾವು ತೆಪ್ಪದಲ್ಲಿ ಹೋಗಬೇಕು, ಅದಕ್ಕೆ ಎಲ್ಲರಿಗೂ ಈಜು ಬರಲೇಬೇಕು; ಈಜುವ ವಿಡಿಯೋ ಮಾಡಿ ಕಳಿಸಿ.

ಮೃಣ್ಮಯಿ ನೀರಿಗೆ ಇಳಿದವಳೇ ಅಲ್ಲ. ಊಟಕ್ಕೆ ಕುಳಿತಾಗ ಸಪ್ಪೆ ಮುಖದಿಂದ ಸುದ್ದಿ ಹೇಳಿದಳು. ನಂದಕಿಶೋರನಿಗೆ ಮಾತ್ರ ದೊಡ್ಡ ಭಾರ ಇಳಿದಂತಾಯಿತು.

"ಈಸು ಬರಲಾರದವ್ರನ್ನ ಕರಕೊಂಡು ಹೋಗೂದಿಲ್ಲ ಅಂದ್ರ ಮುಗೀತಲ್ಲ. ಬಿಡು. ಆನಿ ನೋಡಬೇಕಂದ್ರ ಮೈಸೂರಿಗೆ ಹೋಗಿ ಬರೋಣ."

"ಬಾಬಾ, ನನಗ ಆನಿ ನೋಡೂದಿಲ್ಲ. ಕಮಲಾಬಾಯಿ ಸೇವಾ ಮಾಡೂದದ."

ನಂದಕಿಶೋರ ನೀರಾವರಿ ಇಲಾಖೆಯ ಕಚೇರಿಯಲ್ಲಿ ಕೆಲಸಕ್ಕಿದ್ದ. ಯಾವ ಕಾಲುವೆಗೆ ಎಷ್ಟು ನೀರು ಬಿಡಬೇಕೆಂಬ ಪತ್ರಗಳು ಅವನ ಕೈಯಿಂದಲೇ ಹೋಗುತ್ತಿದ್ದವು. ಆದರೆ ಮೊಣಕಾಲು ಮುಳುಗುವಷ್ಟು ನೀರಿಗೆ ಅವನು ಎಂದೂ ಇಳಿದಿರಲಿಲ್ಲ.

ಮರುದಿನ ಕಾಲೇಜಿನಲ್ಲಿ ಸರಿತಾ ಗೆಳತಿಯ ಬೆನ್ನಿಗೊಂದು ಗುದ್ದು ಕೊಟ್ಟಳು. "ಇಷ್ಟಕ್ಕ ಮಾರಿ ಸಣ್ಣದು ಮಾಡ್ಕೊಂಡು ಕುಂತೀಯೇನಬೇ? ರವಿವಾರ ನಮ್ಮೂರಿಗೆ ಬಾ. ನಮ್ಮ ಭಾಂವ್ಯಾಗ ಕಲಸ್ತೇನಿ."

ಸರಿತಾಳ ಊರು ಅನಗವಾಡಿ. ಹೊಳೆಯ ಊರಿನ ಹುಡುಗಿಗೆ ನಡೆಯಲು ಕಲಿತದ್ದು ಮೊದಲೋ ಈಜಲು ಕಲಿತದ್ದು ಮೊದಲೋ ನೆನಪಿರಲಿಲ್ಲ. ಭಾನುವಾರ ಮೃಣ್ಮಯಿ ಬಸ್ಸು ಹತ್ತಿದಾಗ ನಂದಕಿಶೋರನೂ ಹಿಂದೆಯೇ ಹತ್ತಿದ. ಒಬ್ಬಳನ್ನೇ ಬಾವಿಗೆ ಕಳಿಸಲು ಅವನಿಗೆ ಧೈರ್ಯವಿರಲಿಲ್ಲ.

ಸರಿತಾಳ ಅಪ್ಪ ಸಾತಪ್ಪನ ಬಾವಿ ಕಬ್ಬಿನ ಹೊಲದ ನಡುವೆ ಇತ್ತು. ಅಗಲವಾದ ಬಾವಿ, ಕೆಳಗಿನವರೆಗೆ ಕಲ್ಲಿನ ಮೆಟ್ಟಿಲು. ಸರಿತಾ ಎಣ್ಣೆಯ ಖಾಲಿ ಕ್ಯಾನೊಂದನ್ನು ಮೃಣ್ಮಯಿಯ ಬೆನ್ನಿಗೆ ಬಿಗಿದು ಕಟ್ಟಿ ನೀರಿಗಿಳಿಸಿದಳು. ಮೇಲೆ ಕಟ್ಟೆಯ ಮೇಲೆ ನಿಂತ ನಂದಕಿಶೋರ ಕೂಗಲು ಶುರುಮಾಡಿದ.

"ಹುಷಾರ್! ಎಡಕ್ಕ ಕಲ್ಲದ ನೋಡು! ಕಾಲು, ಕಾಲು! ಸಾಕು, ಮ್ಯಾಲ ಬಾ!"

ಅವನು ಕೂಗಿದಾಗಲೆಲ್ಲ ಮೃಣ್ಮಯಿ ಬೆದರಿ ಮೆಟ್ಟಿಲಿಗೆ ಬಂದು ಅಂಟಿಕೊಳ್ಳುವಳು. ಬಿಸಿಲೇರಿದರೂ ಅವಳು ಮೆಟ್ಟಿಲು ಬಿಡಲಿಲ್ಲ. ಕಡೆಗೆ ಸರಿತಾ ನೀರಿನಿಂದಲೇ ತಲೆಯೆತ್ತಿ ಹೇಳಿದಳು.

"ಕಾಕಾ, ಸಿಟ್ಟಾಗಬ್ಯಾಡ್ರಿ. ನೀರು ಆಕಿನ್ನ ಮುಳುಗಸವಲ್ದು, ನಿಮ್ಮ ದನಿ ಮುಳುಗಸಾಕತ್ತೈತಿ. ಒಂದೀಟು ಆ ಕಡೆ ಹೋಗಿ ಕುಂದರ್ರಿ."

ನಂದಕಿಶೋರನ ಮುಖ ಕೆಂಪಾಯಿತು. ಬೇವಿನ ಮರದ ನೆರಳಿಗೆ ಹೋದ. ಅಲ್ಲಿ ಸರಿತಾಳ ತಾಯಿ ಕರೆವ್ವ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಒಂದು ಹಿಡಿ ಅವನ ಮುಂದೆ ಸರಿಸಿ, "ನಿಮಗ ಈಸು ಬರತೈತೇನ್ರಿ ರಾಯರ?" ಎಂದು ಕೇಳಿದಳು.

"ಇಲ್ಲವಾ. ಸಣ್ಣಾಂವ ಇದ್ದಾಗ ಗೆಳೆಯರೆಲ್ಲ ಘಟಪ್ರಭಾದಾಗ ಜಿಗೀತಿದ್ರು. ನಾ ದಂಡಿ ಮ್ಯಾಲ ಕೂತು ಅವರ ಅಂಗಿ ಅರಬಿ ಕಾಯ್ತಿದ್ದೆ."

"ದಿನಾಲೂ?"

"ದಿನಾಲೂ."

"ಹಂಗಾರ ಈಗ ಇಳೀರಿ."

"ಈ ವಯಸ್ಸಿನಾಗ? ನೋಡಿದವ್ರು ಏನಂದಾರು?"

"ಅಲ್ರಿ, ನಾ ಏನ ಇನ್ನೊಂದ ಲಗ್ನ ಆಗ್ರಿ ಅಂದ್ನೇನ್ರಿ? ಭಾಂವಿಗೆ ಇಳೀರಿ ಅಂದ್ನಿ."

ಅವನಿಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ಮುಧೋಳ ಮುಟ್ಟುವವರೆಗೂ ಅವನು ಕಿಟಕಿಯಾಚೆ ನೋಡುತ್ತ ಕುಳಿತ. ಅವನಿಗೆ ಸಿಟ್ಟು ಬಂದಿದೆಯೆಂದು ಮಗಳು ಅಂದುಕೊಂಡಳು. ಅವಳ ಪ್ರವಾಸ ತಪ್ಪಿದರೆ ಅದಕ್ಕೆ ತನ್ನ ದನಿಯೇ ಕಾರಣವಾದೀತೆಂದು ಅವನು ಯೋಚಿಸುತ್ತಿದ್ದ.

ಮುಂದಿನ ಭಾನುವಾರ ಬಾವಿಯ ಹತ್ತಿರ ನಂದಕಿಶೋರ ಅಂಗಿ ಪ್ಯಾಂಟು ಕಳಚಿ ಮಡಚಿಟ್ಟ. ಒಳಗೆ ಹೊಚ್ಚ ಹೊಸ ಪಟ್ಟೆ ಚಡ್ಡಿ ಇತ್ತು! ಬೆನ್ನಿಗೆ ಎರಡು ಕ್ಯಾನು.

"ಬಾಬಾ!" ಎಂದು ಮೃಣ್ಮಯಿ ಕೂಗಿದಳು.

"ಒದರಬ್ಯಾಡ. ನನಗ ಅಂಜಿಕಿ ಬರ್ತದ," ಎಂದು ಅವನು ಮೆಟ್ಟಿಲಿಳಿದ.

ಮೊದಲ ದಿನ ಅವನು ಕುಡಿದ ನೀರು ಸ್ವಲ್ಪವಲ್ಲ. ಕೈ ಬಡಿದರೆ ಕಾಲು ಮರೆಯುವನು, ಕಾಲು ಬಡಿದರೆ ಉಸಿರು ಮರೆಯುವನು. ಎರಡು ಕ್ಯಾನು ಬೆನ್ನಿನ ಮೇಲಿದ್ದರಿಂದ ಮುಳುಗಲೂ ಆಗದೆ ಮುಂದೆ ಹೋಗಲೂ ಆಗದೆ ಬಾವಿಯ ನಡುವೆ ಬುಗುರಿಯಂತೆ ಗಿರಗಿರ ತಿರುಗಿದ. ಸರಿತಾ ನಕ್ಕು ನಕ್ಕು ಕೆಮ್ಮಿದಳು. ಶೇಂಗಾ ಬಿಟ್ಟು ಬಂದ ಕರೆವ್ವ ಕಟ್ಟೆಯ ಮೇಲೆ ಸೆರಗು ಬಾಯಿಗೊತ್ತಿಕೊಂಡು ನಿಂತಳು.

"ಮೃಣ್ಮಯಿ, ಮೆಟ್ಟಲಾ ಯಾವ ಕಡೆ ಅದಾವ?" ಎಂದು ಅವನು ಗಾಬರಿಯಿಂದ ಕೇಳಿದ.

ಅವಳು ಮೆಟ್ಟಿಲು ಬಿಟ್ಟು ಅವನತ್ತ ಹೋದಳು. ಕೈಕಾಲು ಹೇಗೆ ಆಡಿದವೋ ಅವಳಿಗೇ ತಿಳಿಯದು. ಭುಜ ಹಿಡಿದು ತಿರುಗಿಸಿ, "ಇತ್ತ ನೋಡ್ರಿ ಬಾಬಾ, ಇತ್ತ," ಎಂದು ಅಂಚಿಗೆ ತಳ್ಳಿಕೊಂಡು ಬಂದಳು. ಮೆಟ್ಟಿಲು ಸಿಕ್ಕ ಮೇಲೆ ಇಬ್ಬರೂ ಬಹಳ ಹೊತ್ತು ನಕ್ಕರು.

ಅವತ್ತಿನಿಂದ ಕಲಿಕೆ ಹಗುರಾಯಿತು. ಶನಿವಾರ ಕಾಲೇಜು ಬೇಗ ಬಿಟ್ಟರೆ ಶನಿವಾರವೂ ಹೋಗುವರು. ಒಂದು ದಿನ ಸರಿತಾ, "ಇನ್ನ ಡಬ್ಬಿ ಬಿಚ್ಚು," ಎಂದಾಗ ಮೃಣ್ಮಯಿ ತಾನೇ ಗಂಟು ಬಿಚ್ಚಿ ಕ್ಯಾನನ್ನು ಮೇಲಕ್ಕೆಸೆದಳು. ಮೈ ಒಮ್ಮೆ ಕೆಳಗಿಳಿಯಿತು, ಮೂಗಿಗೆ ನೀರು ಹೋಯಿತು, ಆಮೇಲೆ ಬಾವಿಯ ತಂಪು ನೀರು ತನ್ನನ್ನು ಎತ್ತಿ ಹಿಡಿದಿದೆ ಅನ್ನಿಸಿತು. ನಂದಕಿಶೋರನೂ ಒಂದು ಕ್ಯಾನಿಗೆ ಇಳಿದ. ಅದಕ್ಕಿಂತ ಕೆಳಗೆ ಇಳಿಯಲು ಒಪ್ಪಲಿಲ್ಲ.

ವಿಡಿಯೋ ಮಾತ್ರ ತೆರೆದ ನೀರಿನಲ್ಲೇ ಆಗಬೇಕೆಂದು ಪ್ರತಿಮಾ ಮೇಡಂ ಹೇಳಿದ್ದರು. ಒಂದು ಬೆಳಿಗ್ಗೆ ಎಲ್ಲರೂ ಅನಗವಾಡಿಯ ಹೊಳೆಯ ಹಿನ್ನೀರಿನ ದಂಡೆಗೆ ಹೋದರು. ಸಾತಪ್ಪ ಪರಿಚಯದವರ ದೋಣಿ ತಂದಿದ್ದ. ಸರಿತಾ ತನ್ನ ಪಾಳಿಯನ್ನು ಸರಸರ ಮುಗಿಸಿ ದೋಣಿ ಹತ್ತಿದಳು. ಮೃಣ್ಮಯಿಯ ಸರದಿ ಬಂದಾಗ ನಂದಕಿಶೋರ ಫೋನು ತನ್ನ ಕೈಗೇ ಕೊಡಬೇಕೆಂದು ಹಟ ಹಿಡಿದು ದಂಡೆಯಲ್ಲಿ ನಿಂತ.

ಅವಳು ಈಜಿದಳು. ಸಾತಪ್ಪ ಹುಟ್ಟು ಹಾಕುತ್ತ ಪಕ್ಕದಲ್ಲೇ ದೋಣಿ ನಡೆಸಿದ. ದಡದ ಆಪು ಹುಲ್ಲಿನ ಹತ್ತಿರ ಕೊಕ್ಕರೆಗಳು ಎದ್ದು ಹಾರಿದವು. ದೂರದ ಕಲ್ಲಿನವರೆಗೆ ಹೋಗಿ, ಉಸಿರು ತೆಗೆದುಕೊಂಡು, ತಿರುಗಿ ಬಂದಳು. ಕಾಲಿಗೆ ಮಣ್ಣು ಸಿಕ್ಕಾಗ ಎದ್ದು ನಿಂತು ಎರಡೂ ಕೈ ಮೇಲೆತ್ತಿದಳು. ಕರೆವ್ವ ಸೀಟಿ ಹೊಡೆದಳು.

ದಡದಲ್ಲಿ ವಿಡಿಯೋ ತೆರೆದರೆ ಅದರಲ್ಲಿ ಹೊಳೆಯೂ ಇಲ್ಲ, ಮೃಣ್ಮಯಿಯೂ ಇಲ್ಲ. ನಂದಕಿಶೋರ ತಿಳಿಯದೆ ಕ್ಯಾಮೆರಾವನ್ನು ತನ್ನ ಕಡೆಗೆ ತಿರುಗಿಸಿಕೊಂಡಿದ್ದ. ಮೊದಲಿಂದ ಕಡೆಯವರೆಗೆ ಅವನ ಮುಖವೇ. ಬಾಯಿ ತೆರೆಯುತ್ತದೆ, ಕೂಗಲು ಹೋಗುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಮಗಳ ಜೊತೆ ತಾನೂ ಈಜುತ್ತಿರುವಂತೆ ಅವನ ಹೆಗಲೂ ಅಲುಗುತ್ತದೆ. ಕಡೆಯಲ್ಲಿ ಕಣ್ಣೊರೆಸಿಕೊಂಡು, ಯಾರಿಗೋ ಹೇಳುವಂತೆ, "ಹೋದ್ಲು ನೋಡು, ಹೋದ್ಲು," ಅನ್ನುತ್ತಾನೆ.

ಸರಿತಾ ನಗಲು ಬಾಯಿ ತೆರೆದವಳು ಗೆಳತಿಯ ಮುಖ ನೋಡಿ ಫೋನನ್ನು ಅವಳ ಕೈಗೆ ಕೊಟ್ಟಳು. ಮೃಣ್ಮಯಿ ಅದನ್ನು ಎರಡು ಸಲ ನೋಡಿದಳು.

"ಅಳಿಸಿ ಬಿಡು, ತಪ್ಪಾತು," ಎಂದ ನಂದಕಿಶೋರ.

"ಇದನ್ನ ನಾ ಇಟ್ಕೋತೇನಿ ಬಾಬಾ. ಅವರಿಗೆ ಇನ್ನೊಂದು ಕಳಸೋಣ," ಎಂದಳು ಮೃಣ್ಮಯಿ.

ಎರಡನೆಯ ಸಲ ಸರಿತಾ ಫೋನು ಹಿಡಿದಳು. ಮೃಣ್ಮಯಿ ಇನ್ನೂ ಹತ್ತು ಮಾರು ಹೋಗಿರಲಿಲ್ಲ, ಹಿಂದೆ ದಬದಬ ಸದ್ದಾಯಿತು. ಬೆನ್ನಿಗೆ ಕ್ಯಾನು ಬಿಗಿದುಕೊಂಡ ನಂದಕಿಶೋರ ನೀರಿಗಿಳಿದಿದ್ದ.

ನಾಲ್ಕು ದಿನ ಬಿಟ್ಟು ಪ್ರತಿಮಾ ಮೇಡಂ ಫೋನು ಮಾಡಿದರು. ಮನೆಯವರೆಲ್ಲ ಕೇಳುವಂತೆ ಮೃಣ್ಮಯಿ ಸ್ಪೀಕರ್ ಹಾಕಿದಳು.

"ತುಂಬಾ ಚೆನ್ನಾಗಿ ಈಜಿದೀರ. ನಿಮ್ದು, ಸರಿತಾದು, ಇಬ್ಬರದೂ ಓಕೆ. ಆದ್ರೆ ನಿಮ್ಮ ಹಿಂದೆ ಕ್ಯಾನ್ ಕಟ್ಕೊಂಡು ಒಬ್ಬರು ಬರ್ತಾ ಇದ್ರಲ್ಲ, ಅವರು ಯಾರು?"

"ನಮ್ಮ ಬಾಬಾರಿ."

"ಅವರೂ ಬರ್ತಾರಂತಾ?"

ಒಳಗಿನಿಂದ ಸುಲಭಾ ಅಜ್ಜಿ ಕೂಗಿದಳು. "ಬ್ಯಾಡಂತ ಹೇಳು! ಕಮಲಾಬಾಯಿ ಹೆದರ್ತಾಳ!"

ಫೋನಿನ ಆ ಕಡೆಯೂ ನಗು ಕೇಳಿಸಿತು.

ಆಮೇಲಿನ ದಿನಗಳು ಚೀಲ ತುಂಬುವುದರಲ್ಲೇ ಕಳೆದವು. ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂದು ಚಟ್ನಿಪುಡಿಗಳನ್ನು, ಕಟಕ ರೊಟ್ಟಿಗಳನ್ನು ಅಜ್ಜಿ ತುರುಕುವಳು, ಭಾರವಾಯಿತೆಂದು ಹರ್ಷದಾ ಅರ್ಧ ತೆಗೆಯುವಳು, ಅಜ್ಜಿ ಮತ್ತೆ ಸೇರಿಸುವಳು. ಹೊರಡುವ ಮುಂಜಾನೆ ಮುಧೋಳದ ಬಸ್ ನಿಲ್ದಾಣದಲ್ಲಿ ಎರಡೂ ಮನೆಯವರು ಸೇರಿದರು. ಕರೆವ್ವ ಮಗಳ ಗಲ್ಲ ಹಿಡಿದು, "ಆನಿ ಅಂದ್ರ ದೊಡ್ಡ ಎಮ್ಮಿ ಅಂತ ತಿಳ್ಕೋ, ಅಂಜಬ್ಯಾಡ," ಎಂದಳು. ಬೆಂಗಳೂರಿನ ಬಸ್ಸು ಬಂತು. ಹುಡುಗಿಯರು ಕಿಟಕಿಯಿಂದ ಕೈ ಬೀಸುತ್ತಲೇ ಹೋದರು.

ಹರ್ಷದಾ ಶಾಲೆಗೆ ಹೊರಟಳು. ಅಜ್ಜಿ ಮನೆಯ ದಾರಿ ಹಿಡಿಯಲು ತಿರುಗಿದರೆ ನಂದಕಿಶೋರ ಕರೆವ್ವ, ಸಾತಪ್ಪರ ಜೊತೆ ಅನಗವಾಡಿಯ ಬಸ್ಸಿನ ಕಡೆ ನಡೆದಿದ್ದ.

"ಎಲ್ಲಿಗೋ? ಆಫೀಸ್ ಇಲ್ಲೇನು?" ಎಂದಳು ಅಜ್ಜಿ.

"ಇವತ್ತು ರಜಾ ಹಾಕೇನಿ. ಬೆನ್ನಿನ ಡಬ್ಬಿ ಬಿಚ್ಚಿ ಈಸೂದದ."

ಅಜ್ಜಿ ಸೀರೆಯ ನಿರಿಗೆ ಎತ್ತಿಕೊಂಡು ಬಸ್ಸಿನ ಕಡೆ ಹೆಜ್ಜೆ ಹಾಕಿದಳು.

"ನಿಲ್ಲೋ, ನಾನೂ ಬರ್ತೇನಿ. ಇದನ್ನ ನೋಡದ ಬಿಟ್ರ ಹೆಂಗ?"