ಮಂಡಕ್ಕಿ ಚೀಲದೊಳಗಿನ ಮೊಳೆ

ಕೈ ತಾಗಿಸದೆ ಕಬ್ಬಿಣವನ್ನು ಹಾರಿಸಬಹುದು ಎಂದು ಆಮ್ನಾಳಿಗೆ ಮೊದಲು ಹೇಳಿದ್ದು ಕಾಲೇಜಿನ ಭೌತಶಾಸ್ತ್ರವಲ್ಲ, ಅವಳ ದಾದಿ, ಅಂದರೆ ಅಪ್ಪನ ತಾಯಿ, ರಶೀದಾ. ದಾದಿಯ ಕಥೆಯಲ್ಲೊಂದು ಚುಂಬಕದ ಗುಡ್ಡವಿತ್ತು. ಅದರ ಪಕ್ಕ ಹಾದ ದಂಡಿನ ಕುದುರೆಗಳ ಲಾಳಗಳೆಲ್ಲ ಕಿತ್ತು ಹಾರಿ ಗುಡ್ಡಕ್ಕೆ ಅಂಟಿಕೊಳ್ಳುತ್ತಿದ್ದವು. ಕುದುರೆಗಳು ಬರಿಗಾಲಲ್ಲಿ ನಾಚಿ ನಿಲ್ಲುತ್ತಿದ್ದವು. ಬಿ.ಎಸ್ಸಿ.ಗೆ ಬಂದರೂ ಆಮ್ನಾಳ ತಲೆಯಿಂದ ಆ ಗುಡ್ಡ ಇಳಿದಿರಲಿಲ್ಲ.

ಅಂಥದ್ದೊಂದನ್ನು ತಾನೇ ಕಟ್ಟಲು ಹೊರಟಳು. ಪ್ಲಾಸ್ಟಿಕ್ ಕೊಳವೆ, ಅದರ ಮೇಲೆ ತಾಮ್ರದ ತಂತಿಯ ಸುರುಳಿ, ಕರೆಂಟು ತುಂಬಿಟ್ಟುಕೊಂಡು ಒಮ್ಮೆಲೇ ಬಿಡುವ ಕೆಪಾಸಿಟರು. ಗುಂಡಿ ಒತ್ತಿದರೆ ಸುರುಳಿ ಚುಂಬಕವಾಗಿ, ಕೊಳವೆಯೊಳಗಿನ ಮೊಳೆಯನ್ನು ಎಳೆದು ಆಚೆ ಎಸೆಯಬೇಕು. ಎಲ್ಲಿ ಎಸೆದೀತು! ಮೊಳೆ ನಡುಮಧ್ಯಕ್ಕೆ ಓಡಿ, ತವರಿಗೆ ಬಂದ ಮಗಳ ಹಾಗೆ ಅಲ್ಲೇ ಕೂತುಬಿಡುತ್ತಿತ್ತು.

ಈ ಆಟವೆಲ್ಲ ನಡೆಯುತ್ತಿದ್ದುದು ದಾವಣಗೆರೆಯಲ್ಲಿ, ಅವಳ ದಾದಾ, ಅಂದರೆ ಅಜ್ಜ, ಹಯಾತ್ ಸಾಬರ ಮಂಡಕ್ಕಿ ಭಟ್ಟಿಯ ಪಕ್ಕದ ಗೋದಾಮಿನಲ್ಲಿ. ಕಾದ ಮರಳಿನಲ್ಲಿ ಹುರಿಯುವ ಮಂಡಕ್ಕಿಯಲ್ಲಿ ಮರಳು ಉಳಿಯದಿರುವುದೇ ಕಷ್ಟ. ಆದರೆ ಹಯಾತ್ ಸಾಬರ ಮಂಡಕ್ಕಿಯಲ್ಲಿ ಒಂದು ಕಾಳು ಮರಳೂ ಹಲ್ಲಿಗೆ ಸಿಕ್ಕಿದ್ದಿಲ್ಲವೆಂದು ಹರಿಹರದವರೆಗೂ ಮಾತಿತ್ತು.

ಆ ಭಾನುವಾರ ಅವಳು ದೊಡ್ಡ ಕೆಪಾಸಿಟರು ತೆಗೆದು ಚಿಕ್ಕದನ್ನು ಹಾಕಿದಳು. ಮೊಳೆ ನಡುವಿಗೆ ಬರುವಷ್ಟರಲ್ಲಿ ಕರೆಂಟು ನಿಂತರೆ ಅದನ್ನು ಹಿಂದಕ್ಕೆಳೆಯುವವರಾರು? ಮೊಳೆ ಎಲ್ಲಿಯಾದರೂ ಗೋಡೆಗೆ ಬಡಿದು ಕಣ್ಣಿಗೆ ಹಾರೀತೆಂದು, ಬಾಗಿಲ ಬಳಿ ಇದ್ದ ಮಂಡಕ್ಕಿ ಚೀಲವನ್ನು ಎದುರಿಗೆ ಇಟ್ಟುಕೊಂಡಳು. ದಿಂಬಿನ ಹಾಗೆ ಮೆತ್ತಗಿರುತ್ತದಲ್ಲ! ಗುಂಡಿ ಒತ್ತಿದಳು. ಟಪ್ಪೆಂದಿತು. ಕೊಳವೆ ಖಾಲಿ, ಮೊಳೆ ಚೀಲದೊಳಗೆ.

"ದಾದೀ, ಹಾರ್ತು!" ಎಂದು ಕಿರುಚುತ್ತ ಮನೆಗೆ ಓಡಿದವಳು ಕುದುರೆ, ಲಾಳ, ಗುಡ್ಡ ಎಲ್ಲ ಸೇರಿಸಿ ವರ್ಣಿಸಿ ಗೋದಾಮಿಗೆ ಮರಳುವ ಹೊತ್ತಿಗೆ ಕೊಳವೆಯ ಎದುರು ಚೀಲವಿರಲಿಲ್ಲ. ಅದು ಹರಿಹರದ ಕೊಟ್ಟೂರೇಶನ ಖಾರಮಂಡಕ್ಕಿ ಅಂಗಡಿಯದು; ಲಗೇಜ್ ಆಟೋ ಬಂದು ಒಯ್ದಿತ್ತು.

ಫೋನು ಮಾಡಬಹುದಿತ್ತು. ಆದರೆ ಕೊಟ್ಟೂರೇಶನ ನಂಬರು ಇದ್ದದ್ದು ದಾದಾನ ಫೋನಿನಲ್ಲಿ. ಕೇಳಬೇಕೆಂದರೆ ಹೇಳಬೇಕು. ಹೇಳಲು ಬಾಯಿ ಬರದೆ ಅವಳು ಹರಿಹರದ ಬಸ್ಸು ಹತ್ತಿದಳು. ದಾರಿಯಲ್ಲಿ ಬಾತಿ ಊರು ದಾಟುವಾಗ ಪಕ್ಕದ ಸೀಟಿನ ಮಗು ಬಾಯಿ ತುಂಬ ಏನನ್ನೋ ಜಗಿಯುತ್ತಿತ್ತು. ಆಮ್ನಾ ಮುಖ ತಿರುಗಿಸಿದಳು.

ಅಂಗಡಿ ತುಂಬಿತ್ತು. ಚೀಲದ ಬಾಯಿ ಬಿಚ್ಚಿ ಆಗಲೇ ಡಬ್ಬಕ್ಕೆ ಸುರಿದಿದ್ದರು.

"ಅಣ್ಣಾರೆ, ಚೀಲ ಅದಲು ಬದಲಾಗೈತೆ. ವಾಪಸ್ ಒಯ್ಬೇಕ್ರಿ," ಎಂದಳು. ಬಸ್ಸಿನಲ್ಲೇ ಹೊಸೆದಿಟ್ಟುಕೊಂಡ ಸುಳ್ಳು.

ಕೊಟ್ಟೂರೇಶ ನಕ್ಕ. "ಬದಲಾದ್ರೇನಾತವ್ವ? ನಿಮ್ಮಜ್ಜನ ಮಂಡಕ್ಕಿ ಯಾವ ಚೀಲದಾಗಿದ್ರೂ ಒಂದೇ. ಕಣ್ ಮುಚ್ಕಂಡು ತಿನ್ನಬೋದು. ಕೂತ್ಕ, ಮಿರ್ಚಿ ಬಿಸಿ ಐತೆ."

ಅಷ್ಟರಲ್ಲಿ ಬೆಂಚಿನ ಮೇಲಿದ್ದ ಮುದುಕಿ ಹೊನ್ನಕ್ಕ ಒಂದು ಹಿಡಿ ಮಂಡಕ್ಕಿ ಎತ್ತಿ ಬಾಯಿಗೆ ಒಯ್ದಳು. ಆಮ್ನಾ ಆ ಕೈಯನ್ನು ಗಬಕ್ಕನೆ ಹಿಡಿದಳು.

"ತಿನ್ಬ್ಯಾಡ್ರಿ ಅಜ್ಜಿ! ಅದ್ರಾಗ ಮೊಳೆ ಐತೆ!"

ಮೂಲೆಯಲ್ಲಿ ಯಾರೋ ಥೂ ಎಂದು ಉಗಿದರು.

"ಹಯಾತ್ ಸಾಬ್ರ ಮಂಡಕ್ಕ್ಯಾಗ ಮೊಳೆ?" ಕೊಟ್ಟೂರೇಶನ ಮುಖ ಬಿಳಿಚಿತು.

"ಭಟ್ಟಿದಲ್ರಿ, ನಂದು. ನಾನೇ ಹೊಡ್ದಿದ್ದು... ಸೈನ್ಸ್ ಮಿಷನ್ನಾಗ."

"ಮಂಡಕ್ಕಿಗೆ ಗುಂಡು ಹೊಡ್ದ್ಯಾ ತಾಯಿ?" ಎಂದ ಒಬ್ಬ ಗಿರಾಕಿ. "ಅದೇನ್ ಮಾಡಿತ್ತು ನಿಂಗ?"

ಅಂಗಡಿಯೆಲ್ಲ ಗೊಳ್ಳೆಂದಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ನಕ್ಕದ್ದಕ್ಕೆ ಕಿವಿಯ ತುದಿವರೆಗೂ ಉರಿಯಿತು. ಹೊನ್ನಕ್ಕ ಮಾತ್ರ ನಗಲಿಲ್ಲ. "ಇರೋವೇ ನಾಕು ಹಲ್ಲು, ಉಳಿಸಿದಿ ಬಿಡವ್ವ," ಎಂದು ತಟ್ಟೆಯನ್ನು ದೂರ ಸರಿಸಿ, ಮೊರ ತರಿಸಿ, ತಾನೇ ಕೇರಲು ಕೂತಳು. ಆಮ್ನಾ ಎದುರಿಗೆ ಕೂತು ಕೈಯಾಡಿಸಿದಳು. ತಿಂಡಿಗೆ ಬಂದವರು ಸುತ್ತ ನಿಂತು ನೋಡಿದರು. ಡಬ್ಬ ಅರ್ಧ ಖಾಲಿಯಾದಾಗ ಮೊಳೆ ಮೊರದ ಅಂಚಿಗೆ ಟಣ್ಣೆಂದಿತು.

"ನಿಮ್ಮಜ್ಜಂಗೆ ಗೊತ್ತೈತೇನು?" ಕೊಟ್ಟೂರೇಶ ಕೇಳಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ನಂಬರು ಒತ್ತಿ ಫೋನನ್ನು ಅವಳ ಕೈಗಿಟ್ಟ. "ನಾ ಹೇಳಿದ್ರೆ ಚಾಡಿ ಆಗ್ತೈತೆ. ನೀನೇ ಹೇಳವ್ವ."

ಹೇಳಿದಳು, ತಡವರಿಸುತ್ತ, ಪೂರ್ತಿ. ದಾದಾ ಕೇಳಿದ್ದು ಒಂದೇ: "ಯಾರಾದ್ರೂ ತಿಂದ್ರಾ ಬೇಟಿ?"

"ಇಲ್ಲ ದಾದಾ. ಸಿಕ್ತು."

ಆಚೆ ದಾದಾ ಭಟ್ಟಿಯ ಬಳಿಯಿಂದ ಎದ್ದ ಸದ್ದು. ಆಮೇಲೆ, "ಕೊಟ್ಟೂರೇಶಪ್ಪಗ ಕೊಡು."

ಕೊಟ್ಟೂರೇಶ ಫೋನು ಕಿವಿಗಿಟ್ಟುಕೊಂಡ. "ಹೂಂ ಸಾಬ್ರೇ... ಅಯ್ಯ, ಹುಡುಗಿ ಅಲ್ವೇನ್ರಿ... ಬ್ಯಾಡ್ರಿ, ಹಂಗನ್ಬ್ಯಾಡ್ರಿ. ನೀವು ದೊಡ್ಡೋರು, ನನ್ ಹತ್ರ ಯಾಕ್ರಿ ಮಾಫಿ..."

ಮಾತು ಅಲ್ಲಿಗೆ ತುಂಡರಿಸಿ, ಅವಳಿಗೆ ಕೇಳಿಸದಿರಲೆಂದು ಬೆನ್ನು ತಿರುಗಿಸಿದ. ಆದರೂ ಕೇಳಿಸುತ್ತಿತ್ತು, ಹೊಗೆ ಕುಡಿದು ಒಡೆದ ಆ ಮುದಿ ದನಿ, ಮತ್ತೆ ಮತ್ತೆ ಅದೇ ಕ್ಷಮೆಯ ಮಾತು. ಆಮ್ನಾ ನೆಲಕ್ಕೆ ಚೆಲ್ಲಿದ್ದ ಮಂಡಕ್ಕಿಯನ್ನು ತಲೆಯೆತ್ತದೆ ಒಂದೊಂದಾಗಿ ಆರಿಸತೊಡಗಿದಳು.