ನಿಮಿಯಾಳ ಎಡಗಣ್ಣಿನ ಮಂಜು

ಮಧ್ಯಾಹ್ನದ ಬಿಸಿಲಿಗೆ ನಮ್ಮ ಇತಾಉಗ್ವಾ ಊರೇ ತೂಕಡಿಸುತ್ತಿತ್ತು. ನಿಮಿಯಾ ಮಾತ್ರ ಮಾವಿನ ಮರದಡಿ ಚೌಕಟ್ಟು ಹಿಡಿದು ಕೂತು, ಜೇಡರ ಬಲೆಯಂಥ ಲೇಸು ಹೆಣೆಯುತ್ತಿದ್ದಳು. ಊರಿನ ಆರೋಗ್ಯ ಕಾರ್ಯಕರ್ತೆಯಾದ ನಾನು ತಣ್ಣೀರಲ್ಲಿ ಎಲೆ ನೆನೆಸಿದ ತೆರೆರೆ ಕುಡಿಯಲು ಅವಳ ಪಕ್ಕ ಕೂತೆ. ಅವಳು ಹಣೆಗೆ ಸೊಪ್ಪು ಅಂಟಿಸಿಕೊಂಡಿದ್ದಳು.

"ಇದೇನಕ್ಕ, ಹಣೆ ಮೇಲೆ ತೋಟ ಮಾಡಿದ್ದೀಯ?"

"ಇಸ್ತ್ರಿ ಮಾಡ್ತಾ ಮೈ ಕಾದಿತ್ತು ಕಣೇ ಬ್ಲಾಸಿದಾ. ಹಾಗೇ ಹೋಗಿ ಫ್ರಿಜ್ ತೆಗೆದೆ. ಶೀತ ಎಡಗಣ್ಣಿಗೆ ಹೊಡೀತು. ಮೂರು ದಿನದಿಂದ ಎಲ್ಲಾ ಮಂಜಲ್ಲಿ ತೇಲ್ತಾ ಇದೆ. ಬೇಲಿ ಹೂವೆಲ್ಲ ನೀರಿಗೆ ಬಿದ್ದ ಬಣ್ಣದ ಥರ ಕರಗುತ್ತೆ. ಒಂಥರಾ ಚೆನ್ನಾಗೇ ಇದೆ, ಕನಸಿನ ಹಾಗೆ."

ನಮ್ಮೂರಲ್ಲಿ ಇಸ್ತ್ರಿಯ ಬಿಸಿ, ಫ್ರಿಜ್ಜಿನ ತಂಪು ಸೇರಿದರೆ ಯಾವ ರೋಗ ಬೇಕಾದರೂ ಬರುತ್ತದೆ, ಹಿತ್ತಲ ಸೊಪ್ಪಿಗೆ ಎಲ್ಲವೂ ಹೋಗುತ್ತದೆ. ನಾನೂ ಅದನ್ನೇ ನಂಬಿ ಬೆಳೆದವಳು.

"ನೋವಿದೆಯಾ?"

"ಒಂಚೂರೂ ಇಲ್ಲ. ನೋವೇ ಇಲ್ದೆ ಆಸ್ಪತ್ರೆ ಯಾಕೆ?"

"ಬಲಗಣ್ಣು ಮುಚ್ಕೊ. ಈ ಲೇಸಿನ ಹೂವಿನ ಎಳೆ ಎಣಿಸು ನೋಡೋಣ."

ನಿಮಿಯಾ ಅಂಗೈಯಿಂದ ಬಲಗಣ್ಣು ಮುಚ್ಚಿದಳು. ತಾನೇ ಹೆಣೆದ ಹೂವಿನ ನಡುಭಾಗ ಅವಳಿಗೆ ಕಾಣಲಿಲ್ಲ. ಇಷ್ಟು ದಿನ ಬಲಗಣ್ಣು ಎರಡರ ಕೆಲಸವನ್ನೂ ಮಾಡಿ ಗುಟ್ಟು ಮುಚ್ಚಿಟ್ಟಿತ್ತು. ನಲವತ್ತು ವರ್ಷ ಸೂಜಿ ಹಿಡಿದವಳು ಚೌಕಟ್ಟನ್ನು ಪಕ್ಕಕ್ಕಿಟ್ಟಳು. ನನ್ನ ಚೀಲದಿಂದ ಯಂತ್ರ ತೆಗೆದು ಅವಳ ರಕ್ತದೊತ್ತಡ ನೋಡಿದೆ, ತುಂಬ ಜಾಸ್ತಿ ಇತ್ತು.

"ಕಣ್ಣಿನ ಹಿಂದೆ ಸಣ್ಣ ಸಣ್ಣ ರಕ್ತನಾಳ ಇರ್ತವಕ್ಕ. ಒಂದು ಕಟ್ಕೊಂಡ್ರೂ ನೀರು, ರಕ್ತ ಅಲ್ಲೇ ಸೋರಿ ಹೀಗೆ ಮಬ್ಬಾಗಬಹುದು. ಡಾಕ್ಟ್ರು ಒಳಗೆ ನೋಡಿ ಹೇಳ್ಬೇಕು. ರಕ್ತಾನೂ ಪರೀಕ್ಷೆ ಮಾಡ್ತಾರೆ."

"ಕಾಯಿಲೆ ಕಣ್ಣಿಗೆ, ಸೂಜಿ ತೋಳಿಗಾ?"

"ತೋಳಲ್ಲಿ ಹರಿಯೋದೇ ಕಣ್ಣಿಗೂ ಹೋಗೋದು. ಸಕ್ಕರೆ, ಕೊಬ್ಬು ನೋಡ್ತಾರೆ. ರಕ್ತದಲ್ಲಿ ಕೆಲವು ಪ್ರೋಟೀನು ಜಾಸ್ತಿ ಇದ್ರೆ ಒಳಗೆ ಉರಿಯೂತ ಇರಬಹುದು, ರಕ್ತ ಬೇಗ ಹೆಪ್ಪುಗಟ್ತಿರಬಹುದು ಅಂತ ಸುಳಿವು ಸಿಗುತ್ತೆ. ಬರೀ ಸುಳಿವು ಅಷ್ಟೇ. ಆದ್ರೆ ಕಾರಣ ಹುಡುಕೋಕೆ ಬೇಕು. ಇನ್ನೊಂದು ಕಣ್ಣನ್ನೂ ಕಾಪಾಡ್ಕೋಬೇಕಲ್ಲ."

ಗೋಡೆಗೆ ಒರಗಿ ನಿದ್ದೆ ಹೋದಂತಿದ್ದ ಅವಳ ಗಂಡ ಎವಾರಿಸ್ತೊ ಎದ್ದು ಟೋಪಿ ಹಾಕಿಕೊಂಡ. "ಏಳು, ಬಸ್ಸು ಸಿಗುತ್ತೆ," ಎಂದ. ನಿಮಿಯಾ ಹಣೆಯ ಸೊಪ್ಪು ಕಿತ್ತು ಅವನ ಹಿಂದೆ ಹೊರಟಳು.

ಡಾಕ್ಟರು ಕಣ್ಣಿನೊಳಗೆ ನೋಡಿದಾಗ ರಕ್ತನಾಳವೇ ಕಟ್ಟಿತ್ತು. ತಿಂಗಳಿಗೊಮ್ಮೆ ಕಣ್ಣಿಗೆ ಚುಚ್ಚುಮದ್ದು, ಒತ್ತಡಕ್ಕೆ ದಿನವೂ ಮಾತ್ರೆ. ನಾಲ್ಕು ತಿಂಗಳಲ್ಲಿ ಮಂಜು ಬಹುಪಾಲು ಸರಿಯಿತು, ಪೂರ್ತಿಯಲ್ಲ.

ಹೀಗೇ ಒಂದು ಕಣ್ಣು ಮಬ್ಬಾದಾಗ ನನ್ನ ಅಮ್ಮನಿಗೂ ನೋವಿರಲಿಲ್ಲ. ಸೊಪ್ಪು ಕಟ್ಟಿಕೊಂಡು ಒಂದು ವರ್ಷ ಕಾದಳು. ಆ ಕಣ್ಣಿಗೆ ಈಗ ನನ್ನ ಮುಖ ಕಾಣುವುದಿಲ್ಲ. ನನಗೆ ಇಂದಿಗೂ ಅದರ ಸಂಕಟವಿದೆ.

ಅಕ್ಕ, ಅಣ್ಣ, ಈಗಲೇ ಒಂದು ಕಣ್ಣು ಮುಚ್ಚಿ ಎದುರಿಗಿರುವವರ ಮುಖ ನೋಡಿ. ಆಮೇಲೆ ಇನ್ನೊಂದು ಕಣ್ಣು. ಮಸುಕಾಗಿ ಕಂಡರೆ ನೋವಿಲ್ಲವೆಂದು ಕಾಯಬೇಡಿ. ಇಂದೇ ಕಣ್ಣಿನ ಡಾಕ್ಟರ ಬಳಿ ಹೋಗಿ. ನಿಮ್ಮ ಮಕ್ಕಳ ಮುಖ ಎರಡೂ ಕಣ್ಣಿಗೆ ಕಾಣಲಿ.