ಲೈಟಹಚ್ಚು

"ನಿಮ್ಮ ಹೆಸರಿಗೂ ಕೊಂಡಿ ಹಚ್ಚಬೇಕೇನ್ರಿ?" ಏಣಿಯ ಮೇಲಿಂದ ಬೋರ್ಡು ಬರೆಯುವ ಅಹಮದಸಾಬ ಕೇಳಿದ.

"ಹಚ್ರಿ ಚಾಚಾ, ಎಲ್ಲಾಕ್ಕೂ ಹಚ್ರಿ," ಎಂದ ಕೆಳಗೆ ನಿಂತಿದ್ದ ಶಾನವಾಜ. "ಒಂದೂ ಬಿಡಬ್ಯಾಡ್ರಿ."

ಅಂಗಡಿ ತೆರೆದ ದಿನದಿಂದಲೂ ಬೋರ್ಡಿನ ಮೇಲೆ ‘ಶಾನವಾಜ ಡಿಜಿಟಲ ಪ್ರಿಂಟ’ ಎಂದೇ ಇತ್ತು. ಹುಬ್ಬಳ್ಳಿ-ಧಾರವಾಡದ ಬೋರ್ಡುಗಳಲ್ಲಿ ಅರ್ಧಾಕ್ಷರಕ್ಕಾಗಲಿ ಅದರ ತಲೆಯ ಮೇಲಿನ ಕೊಂಡಿಗಾಗಲಿ ಅಂಥ ಮರ್ಯಾದೆಯೇನೂ ಇಲ್ಲ. ‘ಬ್ಯಾಂಕ್’ ಬದಲು ‘ಬ್ಯಾಂಕ’ ಎಂದು ಬರೆದರೂ ಜನ ಸರಿಯಾಗಿಯೇ ಓದಿಕೊಂಡು ಒಳಗೆ ಹೋಗುತ್ತಾರೆ. ಆದರೆ ಹೋದ ತಿಂಗಳು ಬೆಂಗಳೂರಿನಿಂದ ಬಂದ ಯಾರೋ ಒಬ್ಬರು ಈ ಬೋರ್ಡಿನ ಫೋಟೋ ತೆಗೆದು, ‘ಇವರ ಡಿಜಿಟಲ ಇನ್ನೂ ಪೂರ್ತಿ ಬಂದಿಲ್ಲ’ ಎಂದು ಬರೆದು ಊರೆಲ್ಲ ಹರಿಯಬಿಟ್ಟಿದ್ದರು. ಶಾನವಾಜನಿಗೆ ಅದು ನಾಟಿಬಿಟ್ಟಿತು. ಬೋರ್ಡು, ಬಿಲ್ಲು, ಕಾರ್ಡು ಎಲ್ಲವೂ ಶುದ್ಧವಾಗಬೇಕೆಂದು ಹಟ ಹಿಡಿದ. ಒಳಗೆ ಕಂಪ್ಯೂಟರಿನ ಮುಂದೆ ಕೂಡುವ ದಯಾವತಿ ಟೀಚರಿಗೂ ಅದೇ ಮಾತು ಹೇಳಿದ್ದ.

ದಯಾವತಿ ಈಗ ಟೀಚರಲ್ಲ. ಮಿಶನ್ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಕೆಲಸವನ್ನು ಸ್ವಂತ ಇಷ್ಟದಿಂದ ಬಿಟ್ಟವಳು. ಶಾನವಾಜ ಅವಳ ಕೈಯಲ್ಲಿ ಕಲಿತವನು, ಒಂದು ಮಾವಿನಹಣ್ಣನ್ನೂ ನೆಟ್ಟಗೆ ಬರೆದವನಲ್ಲ. ಆದರೆ ಯಾರಿಗೆ ಚಿತ್ರ ಬರುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಗೋಪನಕೊಪ್ಪದ ಮನೆಗೆ ತಾನೇ ಹೋಗಿ ಕರೆತಂದಿದ್ದ. ಅವಳ ಗಂಡ ನೆಹೆಮಿಯಾ, "ಈ ವಯಸ್ಸಿನ್ಯಾಗ ಕಂಪ್ಯೂಟರ ಹೇಳಿದ್ದ ಕೇಳಾಕ ಹೊಂಟಿ?" ಎಂದು ಚೇಷ್ಟೆ ಮಾಡಿದಾಗ ಅವಳು, "ಹೇಳಾಕಿ ನಾನು, ಕೇಳೂದು ಅದು," ಎಂದಿದ್ದಳು. ಹೇಳಿದ ಮಾತನ್ನು ನಿಜ ಮಾಡಲು ಒಂದು ವರ್ಷ ಹಿಡಿಯಿತು.

ಆ ವರ್ಷದಲ್ಲಿ ಅವಳು ತೆರೆಯ ಮೇಲೆ ಡಬ್ಬಿಗಳ ಒಂದು ಸಂಸಾರವನ್ನೇ ಹೂಡಿದ್ದಳು. ಒಂದು ಡಬ್ಬಿ ಫೋಟೋ ತೆಗೆದುಕೊಳ್ಳುತ್ತಿತ್ತು. ಇನ್ನೊಂದು ಮಾಸ್ಕು ಮುಚ್ಚಿ ಆಕಾಶವನ್ನೂ ನೆಲವನ್ನೂ ಬೇರೆ ಮಾಡುತ್ತಿತ್ತು. ಮತ್ತೊಂದು ಬೆಳಕು ಬೀಳಿಸುತ್ತಿತ್ತು, ಮಗದೊಂದು ಬಣ್ಣ ಬಳಿಯುತ್ತಿತ್ತು. ಒಂದರಿಂದ ಒಂದಕ್ಕೆ ಎಳೆದ ತಂತಿಗಳು ಶಾಮಿಯಾನದವರ ವೈರಿನಂತೆ ಅಡ್ಡಾದಿಡ್ಡಿ ಹಬ್ಬಿದ್ದವು. ಈ ಕಡೆ ಹೊಲದ ಫೋಟೋ ಹಾಕಿ ಗುಂಡಿ ಒತ್ತಿದರೆ ಆ ಕಡೆಯಿಂದ ಅದೇ ಹೊಲ ಬಣ್ಣದ ಚಿತ್ರವಾಗಿ ಬರುತ್ತಿತ್ತು. ಮೊದಮೊದಲು ಯಂತ್ರ ಯಾವ ಹೊಲ ಕೊಟ್ಟರೂ ಕೆಮ್ಮಣ್ಣು ಮಾಡುತ್ತಿತ್ತು. ನಮ್ಮ ಕಡೆಯ ಎರೆಮಣ್ಣಿನ ಕಪ್ಪನ್ನು ಅದಕ್ಕೆ ಕಲಿಸಲು ಒಂದು ಡಬ್ಬಿಯನ್ನೇ ಬೇರೆ ಇಟ್ಟು ‘ಎರಿಮಣ್ಣು’ ಎಂದು ಹೆಸರಿಟ್ಟಳು. ಉಳಿದವಕ್ಕೂ ಮನೆಮಾತಿನದೇ ಹೆಸರು: ಫೋಟೋತಗಿ, ಮಾಸ್ಕಹಾಕು, ಲೈಟಹಚ್ಚು.

ಚಿತ್ರಗಳನ್ನು ಕೊಳ್ಳುವವಳು ಸೌಮ್ಯಾ, ಅಮರಗೋಳದ ಕಾಳಿನ ವ್ಯಾಪಾರಿ ಮುರುಗೆಪ್ಪನವರ ಮಗಳು. ಜೋಳದ ಹಿಟ್ಟು, ಕಡಲೆಬೇಳೆಯ ಪ್ಯಾಕೆಟ್ಟಿನ ಮೇಲೆ ಅದು ಬೆಳೆದ ಹೊಲದ ಚಿತ್ರವೇ ಇರಬೇಕೆಂಬುದು ಅವಳ ಆಸೆ. ದಿನವೂ ಸಂಜೆ ಊರೂರಿನಿಂದ ಫೋಟೋ ಬರುತ್ತವೆ, ಬೆಳಗಾಗುವಷ್ಟರಲ್ಲಿ ಚಿತ್ರ ಸಿದ್ಧವಿರಬೇಕು. ಒಂದೊಂದೇ ಫೋಟೋ ಹಾಕಿ ಗುಂಡಿ ಒತ್ತುತ್ತ ಕುಳಿತರೆ ಅದು ಆಗುವ ಹೋಗುವ ಮಾತಲ್ಲ. ಡಬ್ಬಿ-ತಂತಿಗಳ ಕೆಲಸವನ್ನೆಲ್ಲ ಸಾಲುಸಾಲಾಗಿ ಬರೆದು, ತಾನೇ ಓಡುವ ಪ್ರೋಗ್ರಾಂ ಮಾಡಬೇಕು. ಅದಕ್ಕೆ ಬೆಂಗಳೂರಿನ ಕಂಪನಿಯೊಂದು ತಯಾರಿತ್ತು. ಡಬ್ಬಿಗಳನ್ನೆಲ್ಲ ತಮಗೆ ಒಪ್ಪಿಸಿದರೆ ಮುಂದಿನದು ತಮ್ಮ ಜವಾಬ್ದಾರಿ ಎಂದಿತ್ತು. ಒಪ್ಪಿಸಿದ ಮೇಲೆ ಎರೆಮಣ್ಣಿನ ಕಪ್ಪೂ ಅವರದೇ. ದಯಾವತಿಗೆ ಆ ರಾತ್ರಿ ಊಟ ಸೇರಲಿಲ್ಲ. "ನಾನ ಬರೀತೇನಿ," ಎಂದಳು ಮರುದಿನ ಶಾನವಾಜನಿಗೆ. "ಮಂಗಳವಾರ ಸೌಮ್ಯಾರನ್ನ ಕರೀರಿ. ಓಡ್ತಂದ್ರ ಕೆಲಸಾ ಇಲ್ಲೇ ಇರಲಿ. ಓಡಲಿಲ್ಲಂದ್ರ ಡಬ್ಬಿ ನಾನ ಕಳಸ್ತೇನಿ."

ಡಬ್ಬಿಗಳನ್ನು ಸಾಲಾಗಿಸುವ ಒಂದು ಸಲಕರಣೆ ಸಿಕ್ಕಿತು. ಅದು ಡಬ್ಬಿಯ ಹೆಸರನ್ನೇ ಹಿಡಿದು ಸಾಲು ಬರೆದುಕೊಡುತ್ತಿತ್ತು, ಕನ್ನಡವಾದರೂ ತಕರಾರಿಲ್ಲ. ಆದರೆ ಅದು ಬರೆದದ್ದು ಅರ್ಧ ಕೆಲಸ. ಫೋಟೋಗಳನ್ನು ಒಂದಾದ ಮೇಲೊಂದು ಎತ್ತಿಕೊಳ್ಳುವುದು, ಕೆಟ್ಟದ್ದನ್ನು ಬದಿಗಿಡುವುದು, ಊರಿನ ಹೆಸರಿನಲ್ಲಿ ಚಿತ್ರ ಉಳಿಸುವುದು ಎಲ್ಲವನ್ನೂ ಅವಳು ಓದಿ, ತಪ್ಪಿ, ಅಳಿಸಿ, ಕೈಯಾರೆ ಬರೆದಳು. ಸೋಮವಾರ ಮಧ್ಯಾಹ್ನ ಅದು ಓಡಿತು. ಅವಳು ಒಬ್ಬಳೇ ಚಪ್ಪಾಳೆ ತಟ್ಟಿಕೊಂಡಳು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಂಜೆ ಶಾನವಾಜನ ಶುದ್ಧಿಯ ಮಾತು ನೆನಪಾಯಿತು. ನಾಳೆ ಸೌಮ್ಯಾ ತೆರೆಯ ಮೇಲೆ ‘ಲೈಟಹಚ್ಚು’ ಎಂದು ಓದಿ ನಕ್ಕರೆ? ಕೂತು ಎಲ್ಲ ಹೆಸರನ್ನೂ ಪುಸ್ತಕದ ರೀತಿಗೆ ತಿದ್ದಿದಳು: ಮಾಸ್ಕ್‌ಹಾಕು, ಲೈಟ್‌ಹಚ್ಚು. ಹೆಸರು ತಿದ್ದಿದ್ದಕ್ಕೆ ಮತ್ತೆ ಓಡಿಸಿ ನೋಡುವುದೇನಿದೆ ಎಂದು ಮನೆಗೆ ಹೋದಳು.

ಈಗ ಮಂಗಳವಾರ. ಪಕ್ಕದ ಕುರ್ಚಿಯಲ್ಲಿ ಸೌಮ್ಯಾ, ಹಿಂದೆ ಶಾನವಾಜ, ತೆರೆಯ ಮೇಲೆ ಒಂದು ಕೆಂಪು ಸಾಲು.

"ಏನಂತೈತ್ರಿ ಅದು?" ಎಂದಳು ಸೌಮ್ಯಾ.

"ಕಾಣದ ಅಕ್ಷರ ಐತಿ ಅಂತೈತ್ರಿ."

"ಕಾಣದ್ದು ಅದಕ್ಕ ಹೆಂಗ ಕಂಡೀತು?" ಎಂದ ಶಾನವಾಜ. ಯಾರೂ ನಗಲಿಲ್ಲ.

ದಯಾವತಿ ಆ ಸಾಲನ್ನು ಓದಿದಳು, ಮತ್ತೆ ಓದಿದಳು. ಎಲ್ಲ ನೆಟ್ಟಗಿತ್ತು. ಮತ್ತೊಮ್ಮೆ ಓಡಿಸಿದಳು, ಮತ್ತೆ ಅದೇ ಕೆಂಪು. ಸೌಮ್ಯಾ ಕೆಟ್ಟವಳಲ್ಲ. ಫೋನನ್ನು ಕೈಯಲ್ಲಿ ತಿರುಗಿಸುತ್ತ ಮೆತ್ತಗೆ, "ಇರಲಿ ಬಿಡ್ರಿ ಟೀಚರ, ನೀವು ಇಷ್ಟು ಮಾಡಿದ್ದ ಭಾಳ ಆತು. ಬೆಂಗಳೂರಿನವರು ನಾಳಿಂದನ ಶುರು ಮಾಡ್ತೇವಿ ಅಂದಾರ," ಎಂದಳು. ಆ ಮೆತ್ತನೆಯ ಮಾತೇ ದಯಾವತಿಗೆ ಹೆಚ್ಚು ಚುಚ್ಚಿತು.

"ಟೀಚರ," ಶಾನವಾಜ ಬಗ್ಗಿ ಪಿಸುಗುಟ್ಟಿದ, "ಡಬ್ಬಿ ಕಳಿಸಿಬಿಡೂಣೇನ್ರಿ?"

"ಶಾನವಾಜ, ಸುಮ್ಮನ ಕುಂದರು."

ಅದು ತರಗತಿಯ ದನಿ. ಅಂಗಡಿಯ ಮಾಲೀಕ ಸ್ಟೂಲೊಂದನ್ನು ಎಳೆದುಕೊಂಡು ಸುಮ್ಮನೆ ಕುಳಿತ.

ಅವಳು ಆ ಸಾಲಿನ ಮೊದಲಿಗೆ ಹೋಗಿ ಬಾಣದ ಗುಂಡಿಯನ್ನು ಒಂದೊಂದೇ ಸಲ ಒತ್ತತೊಡಗಿದಳು. ಒತ್ತಿದಂತೆಲ್ಲ ಮಿನುಗುವ ಗೆರೆ ಮುಂದೆ ಸರಿಯಿತು. ‘ಲೈಟ್’ ದಾಟಿತು. ಒತ್ತಿದಳು, ಗೆರೆ ನಿಂತಲ್ಲೇ ನಿಂತಿತು. ಮತ್ತೆ ಒತ್ತಿದಳು, ‘ಹ’ ದಾಟಿತು. ಹಿಂದೆ ಬಂದು ಮತ್ತೆ ನೋಡಿದಳು. ಅದೇ ಜಾಗದಲ್ಲಿ, ಏನೂ ಇಲ್ಲದ ಕಡೆ, ಗೆರೆ ಒಂದು ಹೆಜ್ಜೆ ನಿಲ್ಲುತ್ತಿತ್ತು.

ಅವಳಿಗೆ ತಟ್ಟನೆ ಹೊಳೆಯಿತು. ‘ಲೈಟ್’ ಎಂದು ನಿಲ್ಲಿಸಿ ಬೆನ್ನಿಗೇ ‘ಹಚ್ಚು’ ಬರೆದರೆ ‘ಹ’ ಹೋಗಿ ‘ಟ’ಕ್ಕೆ ಒತ್ತಕ್ಷರವಾಗಿ ಜೋತುಬೀಳುತ್ತದೆ. ಹಾಗಾಗಬಾರದೆಂದು ನಡುವೆ ಒಂದು ಗುಂಡಿ ಒತ್ತಬೇಕು. ಅದು ಏನನ್ನೂ ಬರೆಯುವುದಿಲ್ಲ, ಎರಡು ಅಕ್ಷರಗಳನ್ನು ದೂರ ಇಡುತ್ತದೆ ಅಷ್ಟೇ. ನಿನ್ನೆ ಸಂಜೆ ಶುದ್ಧ ಮಾಡುವ ಭರದಲ್ಲಿ ಪ್ರತಿ ಅರ್ಧಾಕ್ಷರದ ಬೆನ್ನಿಗೂ ಅದನ್ನು ಒತ್ತಿದ್ದಳು. ಯಂತ್ರ ಹೇಳಿದ ಕಾಣದ ಅಕ್ಷರ ಅದೇ. ಯಂತ್ರಕ್ಕೆ ಕನ್ನಡ ನಡೆಯುತ್ತಿತ್ತು, ಧಾರವಾಡದ ಕನ್ನಡವೂ ನಡೆಯುತ್ತಿತ್ತು. ನಡೆಯದೇ ಹೋದದ್ದು ಅವಳ ನಾಚಿಕೆ.

ಅವಳಿಗೆ ನಗು ಬಂತು. ತಡೆಯಲಿಲ್ಲ, ನಕ್ಕೇ ನಕ್ಕಳು. ಸೌಮ್ಯಾ ಗಾಬರಿಯಾಗಿ ಶಾನವಾಜನ ಕಡೆ ನೋಡಿದಳು.

ಹೆಸರುಗಳು ಒಂದೊಂದಾಗಿ ತಮ್ಮ ಮನೆಗೆ ಮರಳಿದವು: ಮಾಸ್ಕಹಾಕು, ಲೈಟಹಚ್ಚು. ಓಡಿಸಿದಳು. ಕೆಂಪು ಸಾಲು ಬರಲಿಲ್ಲ. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ತೆರೆಯ ಮೇಲೆ ಶಿರಗುಪ್ಪಿಯ ಒಂದು ಹೊಲ ಮೂಡಿತು. ತೆನೆ ತುಂಬಿದ ಜೋಳ, ಅಂಚಿನಲ್ಲಿ ಒಂದು ಬನ್ನಿಮರ, ಕೆಳಗೆ ಬಿರುಕುಬಿಟ್ಟ ಕಪ್ಪು ನೆಲ.

"ಅಯ್ಯ, ಖರೇ ಎರಿ ಹೊಲ ನೋಡ್ರಿ," ಎಂದಳು ಸೌಮ್ಯಾ. ಫೋನು ಬ್ಯಾಗಿನೊಳಗೆ ಹೋಯಿತು.

ದಯಾವತಿ ಎರಡೂ ಕೈಗಳನ್ನು ಗುಂಡಿಗಳಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು, ಎಲ್ಲರಿಗೂ ಕಾಣುವಂತೆ. ಎರಡನೆಯ ಚಿತ್ರ ತಾನೇ ಬಂತು. ಮೂರನೆಯದೂ ಬಂತು. ಯಾರೂ ಏನನ್ನೂ ಒತ್ತುತ್ತಿರಲಿಲ್ಲ.

ಸೌಮ್ಯಾ ತೆರೆಯ ಬದಿಯ ಸಾಲುಗಳನ್ನು ಬೆರಳಿಟ್ಟು ಓದಿದಳು. "ಲೈಟಹಚ್ಚು! ನಮ್ಮವ್ವ ದಿನಾ ಸಂಜಿಗೆ ಹಿಂಗ ಅಂತಾಳ್ರಿ." ಆಮೇಲೆ ಕೇಳಿದಳು, "ಇದನ್ನೆಲ್ಲಾ ನೀವ ಬರದೀರೇನ್ರಿ?"

ಒಂದು ವರ್ಷದಿಂದ ಯಾರು ಕೇಳಿದರೂ ದಯಾವತಿ ಕೊಡುತ್ತಿದ್ದ ಉತ್ತರ, ಕಂಪ್ಯೂಟರ ಮಾಡ್ತೈತ್ರಿ, ಎಂಬುದು. ಅದೇ ಮಾತು ಇವತ್ತೂ ನಾಲಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿದಳು. ಎದೆ ತುಂಬಿತ್ತು, ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ನಾ ಬರದೇನ್ರಿ," ಎಂದಳು.

ಶಾನವಾಜ ಸ್ಟೂಲಿನಿಂದ ಎದ್ದು ಹೊರಗೆ ಓಡಿದ. "ಚಾಚಾ! ಆ ಕೊಂಡಿ ತಗೀರಿ!"

"ಹಚ್ಚು ಅಂದಾವರೂ ನೀವ, ತಗಿ ಅನ್ನಾವರೂ ನೀವ," ಏಣಿಯ ಮೇಲಿಂದ ಗೊಣಗುವುದು ಒಳಗೂ ಕೇಳಿಸಿತು. "ಬಣ್ಣ ಇನ್ನೂ ಹಸೀ ಐತಿ, ನಿಮ್ಮ ನಸೀಬು."

ಅಹಮದಸಾಬ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೊಂದೇ ಅಕ್ಷರದ ತಲೆ ಒರೆಸತೊಡಗಿದ. ಒಳಗೆ ನಾಲ್ಕನೆಯ ಹೊಲ ಮೂಡುತ್ತಿತ್ತು, ಮೊದಲು ಆಕಾಶ, ಆಮೇಲೆ ಬೆಳಕು, ಕೊನೆಗೆ ಮಣ್ಣು.